ಶರೀಅತ್ ಮತ್ತು ಸೂಫಿ ಪಥ: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಶರೀಅತ್ತಿನ, ಅಂದರೆ ಇಸ್ಲಾಮೀ ಧರ್ಮನಿಯಮಗಳ, ಕಟ್ಟುಗಳಿಂದ ಇಸ್ಲಾಮಿನ ಅನುಭಾವಿಗಳಾದ ಸೂಫಿಗಳು ಬಿಡಿಸಿಕೊಂಡ ಬಗೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಕಲಬುರಗಿಯ ಉರುಸಿನ ವರ್ಣನೆಯಲ್ಲಿ ನಿಮ್ಮ ಗದ್ಯದ ಶಕ್ತಿ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಶರೀಅತ್ ಎಂದರೆ ಒಣ ಕಟ್ಟಳೆ, ಸೂಫಿ ಎಂದರೆ ಅದನ್ನು ಧಿಕ್ಕರಿಸಿ ಹೊರನಡೆದವನು ಎಂಬ ಒಂದೇ ನಂಬಿಕೆಯ ಮೇಲೆ ಇಡೀ ಲೇಖನ ನಿಂತಿದ್ದು, ಆ ನಂಬಿಕೆಗೆ ಇತಿಹಾಸದ ಆಧಾರ ತೀರ ಕಡಿಮೆ.

ಹನ್ನೆರಡನೆಯ ಶತಮಾನದ ಶರಣರನ್ನು ಓದಿ ಬೆಳೆದ ನಮಗೆ ಕರ್ಮಠರ ಎದುರು ಅನುಭಾವಿ ಎಂಬ ಚೌಕಟ್ಟು ಸುಲಭವಾಗಿ ಒದಗಿಬರುತ್ತದೆ. ನೀವು ಅದರಲ್ಲಿ ಪುರೋಹಿತರ ಜಾಗಕ್ಕೆ ಉಲೇಮಾಗಳನ್ನೂ (ಇಸ್ಲಾಮಿನ ಧರ್ಮಪಂಡಿತರನ್ನೂ) ಶರಣರ ಜಾಗಕ್ಕೆ ಸೂಫಿಗಳನ್ನೂ ಕೂರಿಸಿದ್ದೀರಿ. ಆದರೆ ಸೂಫಿ ಪರಂಪರೆಯ ದೊಡ್ಡ ಹೆಸರುಗಳಲ್ಲಿ ಹಲವರು ಸ್ವತಃ ಧರ್ಮಶಾಸ್ತ್ರ ಬಲ್ಲವರು. ಖಾದಿರಿ ಸೂಫಿ ಪಂಥದ ಮೂಲಪುರುಷರಾದ ಅಬ್ದುಲ್ ಖಾದಿರ್ ಜೀಲಾನಿ ಹಂಬಲಿ ಶಾಸ್ತ್ರಜ್ಞರಾಗಿದ್ದರು (ಹಂಬಲಿ, ಶಾಫಿಈ, ಮಾಲಿಕಿ ಎಂಬವು ಇಸ್ಲಾಮೀ ಧರ್ಮಶಾಸ್ತ್ರದ ಪಂಥಗಳು). ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಶಾಫಿಈ ನ್ಯಾಯಶಾಸ್ತ್ರ ಬೋಧಿಸುತ್ತಿದ್ದ ಇಮಾಮ್ ಗಝ್ಝಾಲಿ 1095ರಲ್ಲಿ ಆ ಹುದ್ದೆ ತೊರೆದು ಸೂಫಿ ಸಾಧನೆಗೆ ತೊಡಗಿದ್ದನ್ನು ನೀವೂ ಬರೆದಿದ್ದೀರಿ, ಆದರೆ ಅಲ್ಲಿಗೇ ನಿಲ್ಲಿಸಿದ್ದೀರಿ. ಅವರು ಹುದ್ದೆಯನ್ನು ಬಿಟ್ಟರೇ ಹೊರತು ಶಾಸ್ತ್ರವನ್ನು ಬಿಡಲಿಲ್ಲ. ಆ ಬಳಿಕ ಬರೆದ ‘ಇಹ್ಯಾ ಉಲೂಮುದ್ದೀನ್’ ಕೃತಿಯ 40 ಭಾಗಗಳಲ್ಲಿ ನಮಾಝ್, ಝಕಾತ್ (ಕಡ್ಡಾಯ ದಾನ), ಉಪವಾಸ, ಮದುವೆ, ಸಂಪಾದನೆಗಳ ನಿಯಮಗಳೂ ಇವೆ, ಅಹಂಕಾರ, ಅಸೂಯೆ, ಭಗವತ್ಪ್ರೇಮಗಳ ವಿವೇಚನೆಯೂ ಇದೆ. ಶುದ್ಧಿಯ ಅಧ್ಯಾಯವೊಂದನ್ನೇ ನೋಡಿ: ದೇಹವನ್ನು ಮಾಲಿನ್ಯದಿಂದ, ಅಂಗಗಳನ್ನು ಪಾಪದಿಂದ, ಹೃದಯವನ್ನು ದುರ್ಗುಣಗಳಿಂದ, ಅಂತರಂಗವನ್ನು ಅಲ್ಲಾಹನ ಹೊರತಾದ ಎಲ್ಲದರಿಂದ ಶುಚಿಗೊಳಿಸುವ ನಾಲ್ಕು ಹಂತಗಳನ್ನು ಅವರು ಹೇಳುತ್ತಾರೆ. ಇಲ್ಲಿ ಕೊನೆಯ ಹಂತ ಮೊದಲನೆಯದನ್ನು ರದ್ದುಮಾಡುವುದಿಲ್ಲ. ನಿಮ್ಮ ಲೇಖನಕ್ಕೆ ಬೇಕಾದ ನಿಜವಾದ ವಸ್ತು ಇದು. ಇದನ್ನು ಒಂದೇ ವಾಕ್ಯದಲ್ಲಿ ದಾಟಿ ಹೋಗಿದ್ದೀರೆಂಬುದು ನನ್ನ ಮುಖ್ಯ ಆಕ್ಷೇಪ.

922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಹಲ್ಲಾಜ್ ನಿಮ್ಮ ಪ್ರಬಲ ಸಾಕ್ಷಿ. ಆದರೆ ಹಜ್‌ಗೆ ಹೋಗಲಾಗದವನು ಮನೆಯಲ್ಲೇ ಅದಕ್ಕೆ ಬದಲಾದ ವಿಧಿಗಳನ್ನು ನಡೆಸಬಹುದೆಂಬ ಅವರ ಮಾತು ವಿಚಾರಣೆಯಲ್ಲಿ ನಿರ್ಣಾಯಕವಾಯಿತು. ಅದರ ಹಿಂದೆ ವಜೀರನ ಆಸ್ಥಾನದ ರಾಜಕೀಯವೂ ಇತ್ತು. ಅದಕ್ಕೂ ಮೊದಲು ಶಾಫಿಈ ಶಾಸ್ತ್ರಜ್ಞ ಇಬ್ನ್ ಸುರೈಜ್ ಹಲ್ಲಾಜರ ವಿರುದ್ಧ ತೀರ್ಪು ಕೊಡಲು ಒಪ್ಪಿರಲಿಲ್ಲ, ಅತ್ತ ಸೂಫಿಗಳಲ್ಲೇ ಹಲವರು ಅವರಿಂದ ದೂರ ಸರಿದಿದ್ದರು. ಭಿನ್ನಾಭಿಪ್ರಾಯ ಎರಡೂ ಕಡೆ ಒಳಗೊಳಗೇ ಇದ್ದಾಗ, ಈ ಪ್ರಕರಣವನ್ನು ಎರಡು ಪಾಳೆಯಗಳ ಯುದ್ಧವಾಗಿ ಚಿತ್ರಿಸುವುದು ಸರಿಯಲ್ಲ.

ದೆಹಲಿಯ ಚಿಶ್ತಿ ಪರಂಪರೆಯ ಸೂಫಿ ನಿಜಾಮುದ್ದೀನ್ ಔಲಿಯಾ ಅವರ ಸಂಗತಿಯನ್ನು ದಯವಿಟ್ಟು ಸೇರಿಸಿ. ಸಮಾ, ಅಂದರೆ ಸಂಗೀತ ಶ್ರವಣ, ಧರ್ಮಸಮ್ಮತವೇ ಎಂಬ ಪ್ರಶ್ನೆಗೆ ಘಿಯಾಸುದ್ದೀನ್ ತುಘಲಕನ ಆಸ್ಥಾನದಲ್ಲಿ ಅವರು ಉತ್ತರಿಸಬೇಕಾಗಿ ಬಂದಾಗ ಪ್ರವಾದಿಯವರ ನುಡಿನಡೆಗಳ ವರದಿಯಾದ ಹದೀಸನ್ನು ಮುಂದಿಟ್ಟರು, ಎದುರಾಳಿಗಳೋ ಹನಫಿ ಶಾಸ್ತ್ರಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯವನ್ನು ತೋರಿಸಿ ಎಂದು ಪಟ್ಟುಹಿಡಿದರು. ಶರೀಅತ್ತಿನ ಒಳಗೇ ನಿಂತು, ಅದರ ಪ್ರಮಾಣಗಳಿಂದಲೇ ಅವರು ವಾದಿಸಿದರೆಂಬುದನ್ನು ಗಮನಿಸಿ. ಅದೇ ಚಿಶ್ತಿ ಪರಂಪರೆಯಲ್ಲಿ ಬಂದು 1422ರಲ್ಲಿ ಕಲಬುರಗಿಯಲ್ಲಿ ಮರಣಿಸಿದ ಬಂದೇ ನವಾಜರು ಸಮಾವನ್ನು ಪ್ರೀತಿಸಿದವರು, ಹದೀಸ್ ಮತ್ತು ಧರ್ಮಶಾಸ್ತ್ರವಾದ ಫಿಕ್‌ಹ್ ಕಲಿಸಿದವರೂ ಹೌದು. ನೀವು ಬಣ್ಣಿಸಿದ ಉರುಸು ಅವರದೇ ಆಗಿರುವಾಗ ಅವರ ಈ ಮುಖ ಲೇಖನದಲ್ಲಿ ಇಲ್ಲದಿರುವುದು ಬೇಸರ ತಂದಿತು.

ಸಂಘರ್ಷವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕಟ್ಟಳೆಗಳನ್ನು ಬೇಕೆಂದೇ ಮೀರಿದ ಕಲಂದರರೆಂಬ ಅಲೆಮಾರಿ ಫಕೀರರಿದ್ದರು. 1109ರಲ್ಲಿ ಸ್ಪೇನಿನ ಕೊರ್ದೋಬಾದಲ್ಲಿ ‘ಇಹ್ಯಾ’ದ ಪ್ರತಿಗಳನ್ನೇ ಸುಟ್ಟ ಮಾಲಿಕಿ ಶಾಸ್ತ್ರಜ್ಞರೂ ಇದ್ದರು. ಅವರನ್ನು ಅವರವರ ಕಾಲದೇಶಗಳ ಹಿನ್ನೆಲೆಯಲ್ಲಿಟ್ಟು ಬರೆಯಿರಿ. ಶರಣರೊಂದಿಗಿನ ಹೋಲಿಕೆಯನ್ನು ಪೂರ್ತಿ ಕೈಬಿಟ್ಟು, ಹಲ್ಲಾಜ್ ಭಾಗವನ್ನು ಅರ್ಧಕ್ಕಿಳಿಸಿ, ಗಝ್ಝಾಲಿಯವರಿಗೆ ಆ ಜಾಗವನ್ನು ಕೊಟ್ಟು ತಿದ್ದಿದ ಪ್ರತಿಯನ್ನು ಕಳುಹಿಸಿದರೆ ನಾನೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ