ಟೀಚರ್ ಹತ್ತಿರ ಕೇಳಿ: ಸಂತರ ಕಥೆ ಯಾರಿಗೆ, ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ಕಥೋಲಿಕ ಕಾದಂಬರಿ, ಸಂತರ ಕಥೆ, ಭಕ್ತಿ ಪುಸ್ತಕಗಳ ಬಗ್ಗೆ. ನಾನು 22 ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು. ತರಗತಿಯ ಪುಸ್ತಕದ ಕಪಾಟಿನ ಬೀಗದ ಕೈಯೂ ನನ್ನ ಹತ್ತಿರವೇ ಇತ್ತು. ಯಾವ ಪುಸ್ತಕ ಕೈಯಿಂದ ಕೈಗೆ ಹೋಗಿ ಹರಿದು ಬರುತ್ತಿತ್ತು, ಯಾವುದು ಹೊಸದಾಗಿಯೇ ಉಳಿಯುತ್ತಿತ್ತು ಅಂತ ಕಣ್ಣಾರೆ ನೋಡಿದ್ದೇನೆ. ಆ ಅನುಭವದಿಂದಲೇ ಬರೆಯುತ್ತಿದ್ದೇನೆ. ಮೊದಲು ಓದುಗರ ಪತ್ರ, ಅದರ ಕೆಳಗೆ ನನ್ನ ಉತ್ತರ.

ನನ್ನ ಮಗನಿಗೆ 9 ವರ್ಷ. ರಕ್ತಸಾಕ್ಷಿಗಳ ಕಥೆಯ ಪುಸ್ತಕ ಕೊಟ್ಟೆ. ಎರಡು ರಾತ್ರಿ ಹೆದರಿಕೊಂಡು ನಿದ್ದೆ ಮಾಡಲಿಲ್ಲ. ಬೇರೆ ಪುಸ್ತಕ ಕೊಟ್ಟರೆ, ‘ಇದರಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ಒಳ್ಳೆಯವರು, ಬೋರು’ ಅನ್ನುತ್ತಾನೆ. ಏನು ಕೊಡಲಿ?

ನಿಮ್ಮ ಮಗ ಹೇಳಿದ್ದು ಸರಿಯಾಗಿದೆ. ಹೆದರಿದ್ದೂ ಸರಿ, ಬೋರು ಅಂದಿದ್ದೂ ಸರಿ.

ನನಗೆ ಏಳು ವರ್ಷ ಇದ್ದಾಗ ಸಂತ ಲಾರೆನ್ಸರ ಚಿತ್ರ ನೋಡಿದ್ದೆ. ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿದ್ದ ಚಿತ್ರ. ಆ ಪುಟ ಬಂದಾಗಲೆಲ್ಲ ಪುಸ್ತಕ ಮುಚ್ಚುತ್ತಿದ್ದೆ. ಅವರ ಕಥೆಯ ಇನ್ನೊಂದು ಭಾಗ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. 258ರಲ್ಲಿ ರೋಮಿನಲ್ಲಿ ಅವರು ಡೀಕನ್, ಅಂದರೆ ಚರ್ಚಿನ ಸೇವಾಕಾರ್ಯ ನೋಡಿಕೊಳ್ಳುವವರು, ಆಗಿದ್ದರು. ಧರ್ಮಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಅಂತ ಅಧಿಕಾರಿ ಹೇಳಿದನಂತೆ. ಲಾರೆನ್ಸ್ ಊರಿನ ಬಡವರನ್ನು, ಕೈಲಾಗದವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, ನಮ್ಮ ಸಂಪತ್ತು ಇವರೇ ಅಂದರು. ಪರಂಪರೆಯಿಂದ ಬಂದ ಈ ಕಥೆಯನ್ನು ಮಕ್ಕಳಿಗೆ ಹೇಳಿ ನೋಡಿ. ಕಣ್ಣು ಅರಳುತ್ತದೆ. ಆಮೇಲೆ ಏನಾಯಿತು ಅಂತ ಕೇಳಿದರೆ, ‘ಅದಕ್ಕೆ ಅವರನ್ನು ಕೊಂದರು’ ಅಂತ ಒಂದೇ ಮಾತಿನಲ್ಲಿ ನಿಜ ಹೇಳಿ. ಸುಳ್ಳು ಹೇಳಬೇಡಿ. ಬೆಂಕಿಯ ವಿವರ 13 ವರ್ಷ ದಾಟಿದ ಮೇಲೆ ಸಾಕು.

9 ವರ್ಷದವನಿಗೆ ನಾನು ಕೊಡುವುದು ಮರಿಯಮ್ಮನ ದರ್ಶನ ಪಡೆದ, ಫ್ರಾನ್ಸಿನ ಲೂರ್ದ್ ಊರಿನ ಬರ್ನಾಡೆಟ್ ಕಥೆ. ಒಂದು ಷರತ್ತು ಇದೆ. ಮೊದಲ ಪುಟದಲ್ಲೇ ಆ ಹುಡುಗಿಯ ತಲೆಯ ಸುತ್ತ ಪ್ರಭಾವಳಿ ಇಟ್ಟಿರುವ ಪುಸ್ತಕ ಬೇಡ. ಅವಳಿಗೆ ಉಬ್ಬಸ ಇತ್ತು, 14 ವರ್ಷವಾದರೂ ಓದಲು ಬರುತ್ತಿರಲಿಲ್ಲ, ಮನೆಯವರೆಲ್ಲ ಹಿಂದೆ ಜೈಲಾಗಿದ್ದ ಒಂದೇ ಕೋಣೆಯಲ್ಲಿ ಇದ್ದರು ಅಂತ ಬರೆದಿರುವ ಪುಸ್ತಕ ನೋಡಿ. 1858ರ ಫೆಬ್ರವರಿ 11ರಂದು ತಂಗಿ, ಗೆಳತಿಯ ಜೊತೆ ಸೌದೆ ಆರಿಸಲು ಹೋಗಿದ್ದಳು. ಅವರಿಬ್ಬರೂ ನೀರು ದಾಟಿ ಆ ಕಡೆ ಹೋದರು. ತಣ್ಣೀರಿಗೆ ಇಳಿದರೆ ಉಬ್ಬಸ ಜಾಸ್ತಿಯಾಗುತ್ತದೆ ಅಂತ ಇವಳು ಹಿಂದೆ ಉಳಿದಳು. ಕೊನೆಗೆ ದಾಟೋಣ ಅಂತ ಕಾಲುಚೀಲ ಬಿಚ್ಚುತ್ತಿರುವಾಗ ಗಾಳಿ ಬೀಸಿದ ಸದ್ದು. ತಲೆ ಎತ್ತಿ ನೋಡಿದರೆ ಮರದ ಒಂದು ಎಲೆಯೂ ಅಲುಗಾಡುತ್ತಿಲ್ಲ. ಆಮೇಲೆ ಗುಹೆಯ ಹತ್ತಿರ ಬಿಳಿ ಬಟ್ಟೆಯ ಹೆಣ್ಣುಮಗಳು ಕಾಣಿಸಿದಳು. ಬರ್ನಾಡೆಟ್‌ಗೆ ಭಯ. ಜಪಸರ ಹಿಡಿದುಕೊಂಡು ಶಿಲುಬೆಯ ಗುರುತು ಹಾಕಲು ಹೋದರೆ ಕೈ ಹಣೆಯವರೆಗೆ ಏಳಲೇ ಇಲ್ಲ.

ತರಗತಿಯಲ್ಲಿ ಇಲ್ಲಿಗೆ ಬಂದಾಗ ನಾನು ಸುಮ್ನೆ ಓದು ನಿಲ್ಲಿಸುತ್ತಿದ್ದೆ. ತುಂಟ ಹುಡುಗರೂ ‘ಟೀಚರ್, ಆಮೇಲೆ?’ ಅಂತ ಮುಂದಕ್ಕೆ ಬಗ್ಗುತ್ತಿದ್ದರು. ಸಂತರಿಗೂ ಕೈ ನಡುಗುತ್ತದೆ ಅಂತ ಮಗುವಿಗೆ ಗೊತ್ತಾದ ಕ್ಷಣ ಅದು. ಪೊಲೀಸ್ ಕಮಿಷನರ್ ವಿಚಾರಣೆಯ ಭಾಗವನ್ನೂ ಬಿಡಬೇಡಿ. ಅವರು ಬೇಕೆಂದೇ ಅವಳ ಮಾತನ್ನು ತಿರುಚಿ ಓದಿದರೆ, ಅಕ್ಷರ ಬಾರದ ಹುಡುಗಿ ‘ನಾನು ಹಾಗೆ ಹೇಳಲಿಲ್ಲ’ ಅಂತ ತಿದ್ದುತ್ತಾಳೆ.

ನಿಮಗೆ ಓದಬೇಕು ಅನಿಸಿದರೆ ಇದೇ ಕಥೆಯ ದೊಡ್ಡ ಕಾದಂಬರಿ ಇದೆ, ‘ದ ಸಾಂಗ್ ಆಫ್ ಬರ್ನಾಡೆಟ್’. ಬರೆದ ಫ್ರಾನ್ಸ್ ವೆರ್ಫೆಲ್ ಯಹೂದಿ. 1940ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಓಡುವಾಗ ಲೂರ್ದಿನಲ್ಲಿ ಆಶ್ರಯ ಸಿಕ್ಕಿತು. ಬದುಕಿ ಉಳಿದರೆ ಬರ್ನಾಡೆಟ್ ಕಥೆ ಬರೆಯುತ್ತೇನೆ ಅಂತ ಅಲ್ಲೇ ಹರಕೆ ಹೊತ್ತರು. ಮರುವರ್ಷವೇ ಪುಸ್ತಕ ಬಂತು.

ಪ್ರಾರ್ಥನೆ ಪುಸ್ತಕಕ್ಕೆ ಧರ್ಮಸಭೆಯ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಕಾದಂಬರಿಗೂ ಅದು ಬೇಕಾ?

ಪುಸ್ತಕದ ಮೊದಲ ಪುಟ ತಿರುಗಿಸಿ. ಹಿಂದೆ ಪ್ರಕಟಣೆಯ ವಿವರ ಇರುವ ಕಡೆ ‘ನಿಹಿಲ್ ಒಬ್ಸ್ತಾತ್’, ‘ಇಂಪ್ರಿಮಾತುರ್’ ಎಂಬ ಲ್ಯಾಟಿನ್ ಪದಗಳು ಇರುತ್ತವೆ. ‘ಅಡ್ಡಿ ಏನೂ ಇಲ್ಲ’, ‘ಅಚ್ಚು ಹಾಕಬಹುದು’ ಅಂತ ಅರ್ಥ. ಮೊದಲನೆಯದು ಪುಸ್ತಕ ಓದಿ ಪರಿಶೀಲಿಸಿದವರದು, ಎರಡನೆಯದು ಧರ್ಮಾಧ್ಯಕ್ಷರದು, ಅಂದರೆ ಬಿಷಪ್ಪರದು. ಬರೀ ‘ಧರ್ಮಾಧ್ಯಕ್ಷರ ಅನುಮತಿಯೊಂದಿಗೆ’ ಅಂತಲೂ ಇರಬಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಪ್ರಾರ್ಥನೆ ಪುಸ್ತಕಕ್ಕೆ ಈ ಅನುಮತಿ ಬೇಕೇ ಬೇಕು. ಕಾದಂಬರಿಗೆ ಬೇಕಿಲ್ಲ. ಅನುಮತಿ ಇದೆ ಅಂದರೆ ಪುಸ್ತಕ ಚೆನ್ನಾಗಿದೆ ಅಂತಲ್ಲ, ವಿಶ್ವಾಸಕ್ಕೆ ವಿರುದ್ಧವಾದದ್ದು ಇಲ್ಲ ಅಂತ ಅಷ್ಟೇ.

ಇಷ್ಟು ದಿನ ಈ ಜಪ ಹೇಳಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ, ಪ್ರತಿ ಮಾಡಿ ಹಂಚದಿದ್ದರೆ ಕೆಡುಕಾಗುತ್ತದೆ ಅಂತ ಹೆದರಿಸುವ ಚೀಟಿಗಳನ್ನು ಮಾತ್ರ ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ.

ನಾನು ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿನಿ. ಜಪಾನಿನ ಲೇಖಕ ಶೂಸಾಕು ಎಂಡೋ ಅವರ ‘ಸೈಲೆನ್ಸ್’ ಕಾದಂಬರಿ ಓದಿದೆ. ಕೊನೆಗೆ ಪಾದ್ರಿಯೇ ಯೇಸುಸ್ವಾಮಿಯ ಚಿತ್ರವನ್ನು ತುಳಿಯುತ್ತಾರೆ. ವಾರ ಪೂರ್ತಿ ಪ್ರಾರ್ಥನೆಗೆ ಕೂರಲು ಆಗಲಿಲ್ಲ. ಇಂಥದ್ದನ್ನು ಓದಬಾರದಿತ್ತಾ ಟೀಚರ್?

ಓದಿದ್ದು ತಪ್ಪಲ್ಲ ಮಗಳೇ. ಒಬ್ಬಳೇ ಓದಿ ಒಬ್ಬಳೇ ಹೊತ್ತುಕೊಂಡು ತಿರುಗಿದೆಯಲ್ಲ, ಅದೇ ಭಾರ ಆಗಿದ್ದು. ನಿಮ್ಮ ಚರ್ಚಿನ ಗುರುಗಳ ಹತ್ತಿರ ಹೋಗಿ, ನನಗೆ ಬರೆದಿದ್ದನ್ನೇ ಹೇಳು.

ಎಂಡೋ ಸ್ವತಃ ಕಥೋಲಿಕರು. 1966ರಲ್ಲಿ ಈ ಕಾದಂಬರಿ ಬಂತು. ಕಥೆಯ ಹಿಂದೆ ನಿಜ ಘಟನೆ ಇದೆ. 17ನೇ ಶತಮಾನದ ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧವಿತ್ತು. ಫೆರೇರಾ ಎಂಬ ಪೋರ್ಚುಗೀಸ್ ಯೇಸುಸಭೆಯ (ಜೆಸ್ವಿಟ್) ಗುರುಗಳನ್ನು 1633ರಲ್ಲಿ ಗುಂಡಿಯೊಳಗೆ ತಲೆಕೆಳಗಾಗಿ ನೇತುಹಾಕಿದ್ದರು. ಐದು ಗಂಟೆ ಕಳೆದ ಮೇಲೆ ಅವರು ವಿಶ್ವಾಸ ಬಿಟ್ಟರು. ಅಂಥ ಹಿಂಸೆಯನ್ನು ತಡೆದುಕೊಳ್ಳುತ್ತಿದ್ದೆ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ಆ ಪುಸ್ತಕದಲ್ಲಿ ನನ್ನನ್ನು ಬಿಡದೆ ಕಾಡಿದವನು ಕಿಚಿಜಿರೋ ಎಂಬ ಪಾತ್ರ. ಮತ್ತೆ ಮತ್ತೆ ದ್ರೋಹ ಮಾಡುತ್ತಾನೆ, ಮತ್ತೆ ಮತ್ತೆ ಪಾಪನಿವೇದನೆಗೆ ಅಂತ ಬಂದು ಕೂಗುತ್ತಾನೆ. ಯೇಸುಸ್ವಾಮಿಯ ಶಿಷ್ಯ ಪೇತ್ರ ಮೂರು ಸಲ ‘ನಾನವನನ್ನು ಅರಿಯೆ’ ಅಂದಿದ್ದು ಬೈಬಲಿನ ನಾಲ್ಕೂ ಶುಭಸಂದೇಶಗಳಲ್ಲಿ ಇದೆ, ಅಲ್ವಾ? ಧರ್ಮಸಭೆಯ ಮೊದಲ ಮುಖಂಡರ ಮಾನ ಹೋಗುತ್ತದೆ ಅಂತ ಯಾರೂ ಆ ಭಾಗ ಕತ್ತರಿಸಲಿಲ್ಲ. ಸಂತರ ಕಥೆ ಬರೆಯುವವರಿಗೂ ಓದುವವರಿಗೂ ನಾನು ಹೇಳುವುದು ಇದೊಂದೇ. ಕಷ್ಟದ ಭಾಗ ಬಿಡಬೇಡಿ.

ಇನ್ನು ಕಾದಂಬರಿ ಮುಗಿದ ಮೇಲೆ ಚರಿತ್ರೆಯಲ್ಲಿ ಏನಾಯಿತು ಅಂತ ಕೇಳು. ಜಪಾನಿನ ಆ ವಿಶ್ವಾಸಿಗಳು 200 ವರ್ಷಕ್ಕೂ ಜಾಸ್ತಿ ಕಾಲ ಒಬ್ಬ ಗುರುವೂ ಇಲ್ಲದೆ ಬದುಕಿದರು. ಕ್ರೈಸ್ತರಲ್ಲ ಅಂತ ತೋರಿಸಲು ಅಧಿಕಾರಿಗಳ ಮುಂದೆ ಚಿತ್ರ ತುಳಿಯುತ್ತಿದ್ದರು, ಮನೆಗೆ ಬಂದು ಪಶ್ಚಾತ್ತಾಪದ ಜಪ ಹೇಳುತ್ತಿದ್ದರು. 1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾದಲ್ಲಿ ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಒಂದು ಸಣ್ಣ ಗುಂಪು ಬಂತು. ಫ್ರೆಂಚ್ ಗುರು ಪೆತಿಜಾನ್ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಒಬ್ಬ ಹೆಂಗಸು ಹತ್ತಿರ ಹೋಗಿ ಮೆಲ್ಲಗೆ, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅಂದಳು. ಆಮೇಲೆ ಕೇಳಿದಳು, ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ?

ಏಳು ತಲೆಮಾರು ಗುಟ್ಟಾಗಿ ಇಟ್ಟುಕೊಂಡಿದ್ದ ಹೆಸರು. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತಿದೆ.

ಮಕ್ಕಳಿಗಾಗಿ ಒಬ್ಬ ಸಂತರ ಕಾದಂಬರಿ ಬರೆಯುತ್ತಿದ್ದೇನೆ. ದಾಖಲೆ ಇಲ್ಲದ ಕಡೆ ಕಲ್ಪನೆಯಿಂದ ತುಂಬಿದರೆ ತಪ್ಪಾಗುತ್ತದಾ?

ಧಾರಾಳವಾಗಿ ತುಂಬಿ. ಆದರೆ ಎಲ್ಲಿ ತುಂಬಿದ್ದೀರಿ ಅಂತ ಓದುಗರಿಗೆ ಹೇಳಿ.

ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಸೇವಕರ ಪೋಷಕ ಸಂತ ತಾರ್ಸಿಸಿಯುಸ್‌ನನ್ನು ನೋಡಿ. ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಎದೆಗೆ ಅವಚಿಕೊಂಡು ಪ್ರಾಣ ಬಿಟ್ಟ ಹುಡುಗ ಅಂತ ನಾವೆಲ್ಲ ಕೇಳಿದ್ದೇವೆ. ಅವನ ಬಗ್ಗೆ ಇರುವ ಹಳೆಯ ಆಧಾರ ಪೋಪ್ ದಾಮಸುಸ್ 4ನೇ ಶತಮಾನದಲ್ಲಿ ಬರೆದ ಕೆಲವೇ ಸಾಲಿನ ಪದ್ಯ. ಪರಮಪ್ರಸಾದ ಒಯ್ಯುತ್ತಿದ್ದ, ಬಿಟ್ಟುಕೊಡಲಿಲ್ಲ, ಅದಕ್ಕೆ ಸತ್ತ ಅಂತ ಅದರಲ್ಲಿದೆ. ವಯಸ್ಸು ಹೇಳಿಲ್ಲ. ಬೆಳೆದ ಡೀಕನ್ ಇದ್ದರೂ ಇರಬಹುದು. ಹುಡುಗ ಅನ್ನುವ ಚಿತ್ರ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದ್ದು ಬಹಳಮಟ್ಟಿಗೆ ಕಾರ್ಡಿನಲ್ ವೈಸ್‌ಮನ್ 1854ರಲ್ಲಿ ಬರೆದ ‘ಫಾಬಿಯೋಲಾ’ ಕಾದಂಬರಿಯಿಂದ. ಒಂದು ಕಥೆಗೆ ಅಷ್ಟು ಶಕ್ತಿ ಇದೆ. ಹಾಗಾಗಿಯೇ ಜವಾಬ್ದಾರಿಯೂ ಇದೆ.

ಕೊನೆಯಲ್ಲಿ ಒಂದು ಪುಟ ಇಡಿ. ‘ಇದು ದಾಖಲೆಯಲ್ಲಿದೆ, ಇದು ಪರಂಪರೆಯಿಂದ ಬಂದಿದ್ದು, ಈ ಅಣ್ಣ ಮತ್ತು ನಾಯಿಮರಿ ನಾನು ಸೇರಿಸಿದ್ದು’ ಅಂತ ಮಕ್ಕಳ ಭಾಷೆಯಲ್ಲೇ ಬರೆಯಿರಿ. ದೊಡ್ಡವರು ಈ ಪುಟ ಬಿಟ್ಟುಬಿಡುತ್ತಾರೆ, ಮಕ್ಕಳು ಬಿಡುವುದಿಲ್ಲ. ಪವಾಡಗಳನ್ನು ಮಾತ್ರ ಹೊಸದಾಗಿ ಹುಟ್ಟಿಸಬೇಡಿ. ಸಂತರದೇ ಮಾತು ಉಳಿದಿದ್ದರೆ ಅದನ್ನು ಬದಲಿಸಬೇಡಿ. ಜೋನ್ ಆಫ್ ಆರ್ಕ್‌ಳ 1431ರ ವಿಚಾರಣೆಯ ದಾಖಲೆ ಇವತ್ತಿಗೂ ಇದೆ. 19 ವರ್ಷದ ಆ ಹುಡುಗಿ ಕೊಟ್ಟ ಉತ್ತರಗಳಿಗಿಂತ ಚೆನ್ನಾದ ಸಂಭಾಷಣೆ ನಮ್ಮಲ್ಲಿ ಯಾರಿಗೆ ಬರೆಯಲಾದೀತು?

ನಿವೃತ್ತನಾದ ಮೇಲೆ ಭಕ್ತಿಯ ದೊಡ್ಡ ಗ್ರಂಥಗಳನ್ನು ಓದಬೇಕು ಅಂತ ಆಸೆ. ‘ಕ್ರಿಸ್ತಾನುಕರಣೆ’ ಹಿಡಿದೆ. ಹತ್ತು ಪುಟ ದಾಟುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗುತ್ತದೆ.

ಹತ್ತು ಪುಟ ಬಹಳ ಆಯಿತು ಸರ್. ಥಾಮಸ್ ಕೆಂಪಿಸರ ಆ ಪುಸ್ತಕದ ಅಧ್ಯಾಯಗಳು ಚಿಕ್ಕಚಿಕ್ಕವು. ದಿನಕ್ಕೆ ಒಂದು ಅಧ್ಯಾಯ ಸಾಕು, ಅರ್ಧವಾದರೂ ಸಾಕು. ಇದು ಕಾದಂಬರಿಯ ಹಾಗೆ ಓದಿ ಮುಗಿಸುವ ಪುಸ್ತಕ ಅಲ್ಲ.

12ನೇ ಶತಮಾನದಲ್ಲಿ ಗೀಗೋ ಎಂಬ ಸನ್ಯಾಸಿ ಇದನ್ನು ಊಟಕ್ಕೆ ಹೋಲಿಸಿದರು. ಓದುವುದು ಅಂದರೆ ತುತ್ತು ಬಾಯಿಗಿಡುವುದು, ಧ್ಯಾನ ಅಂದರೆ ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಸಿಗುತ್ತದೆ. ನೀವು ತುತ್ತಿನ ಮೇಲೆ ತುತ್ತು ಇಡುತ್ತಿದ್ದೀರಿ ಅನಿಸುತ್ತದೆ.

ಸಂಸಾರದಲ್ಲಿ ಇರುವವರಿಗೆ ಇನ್ನೂ ಹತ್ತಿರ ಅನಿಸುವುದು ಸಂತ ಫ್ರಾನ್ಸಿಸ್ ದೆ ಸೇಲ್ಸ್ ಅವರ 1609ರ ‘ಭಕ್ತಿಜೀವನಕ್ಕೆ ಪ್ರವೇಶ’. ಗೃಹಿಣಿಯೊಬ್ಬರಿಗೆ ಅವರು ಬರೆದುಕೊಟ್ಟ ಸಲಹೆಗಳಿಂದ ಬೆಳೆದ ಪುಸ್ತಕ ಅದು. ಓದುತ್ತಿದ್ದರೆ ಯಾರೋ ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ. ತೋಟದಲ್ಲಿ ಅಡ್ಡಾಡಿದವರು ಬರುವಾಗ ನಾಲ್ಕೈದು ಹೂವು ಕಿತ್ತುಕೊಂಡು ಬಂದು ದಿನವಿಡೀ ಮೂಸುವ ಹಾಗೆ, ಧ್ಯಾನದಿಂದ ಒಂದೆರಡು ಮಾತು ಎತ್ತಿಕೊಂಡು ಏಳಿ ಅನ್ನುತ್ತಾರೆ. ನನ್ನ ಕನ್ನಡಕದ ಡಬ್ಬಿಯಲ್ಲಿ ಒಂದು ಚೀಟಿ ಇರುತ್ತದೆ. ಬೆಳಿಗ್ಗೆ ಓದಿದ ಒಂದು ಸಾಲು ಅದರಲ್ಲಿ ಬರೆದಿಡುತ್ತೇನೆ. ಕನ್ನಡಕ ತೆಗೆದಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಮಗಳು ಸಂತರ ಕಾದಂಬರಿ ಹಿಡಿದು ಕೂತರೆ ನಮ್ಮ ಅತ್ತೆಯವರಿಗೆ ಬೇಜಾರು. ‘ಬೈಬಲ್ ಬಿಟ್ಟು ಕಥೆ ಓದುತ್ತಾಳೆ’ ಅನ್ನುತ್ತಾರೆ. ಹೇಗೆ ಹೇಳಲಿ?

ಅತ್ತೆಯವರ ಕಾಳಜಿ ದೊಡ್ಡದು. ಅದನ್ನು ತಳ್ಳಿಹಾಕಬೇಡಿ. ಅವರಿಗೆ ಸಂತ ಇಗ್ನಾಸಿಯವರ ಕಥೆ ಹೇಳಿ.

ಅವರು ಮೊದಲು ಸೈನಿಕರಾಗಿದ್ದವರು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಅವರ ಕಾಲು ಮುರಿಯಿತು. ಮೂಳೆ ಉಬ್ಬಿಕೊಂಡು ಕೂಡಿತು. ಬಿಗಿಯಾದ ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ ಅಂತ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡವರು ಅವರು. ಹಾಸಿಗೆ ಹಿಡಿದಾಗ ಕೇಳಿದ್ದು ವೀರರ, ಪ್ರೇಮದ ಕಥೆಗಳನ್ನು. ಮನೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದಿದ್ದು ಯೇಸುಸ್ವಾಮಿಯ ಜೀವನ, ಸಂತರ ಕಥೆಗಳು. ಬೇರೆ ದಾರಿ ಇಲ್ಲದೆ ಓದಿದರು. ಹಳೆಯ ಕನಸು ಕಂಡರೆ ಆಮೇಲೆ ಮನಸ್ಸು ಒಣಗುತ್ತದೆ, ಸಂತ ಫ್ರಾನ್ಸಿಸರ ಹಾಗೆ ನಾನೂ ಮಾಡಿದರೆ ಅಂತ ಯೋಚಿಸಿದರೆ ಖುಷಿ ಉಳಿಯುತ್ತದೆ ಅಂತ ಮಲಗಿದಲ್ಲೇ ಗಮನಿಸಿದರು.

ಆಮೇಲೆ ಅವರು ಮಾಡಿದ ಕೆಲಸ ಅತ್ತೆಯವರಿಗೂ ಮಗಳಿಗೂ ಇಷ್ಟ ಆಗುತ್ತದೆ. ಗೆರೆ ಹಾಕಿದ ನುಣುಪು ಕಾಗದದ ಪುಸ್ತಕ ಮಾಡಿಕೊಂಡು, ಓದಿದ್ದರಲ್ಲಿ ಮುಖ್ಯವಾದದ್ದನ್ನು ನಕಲು ಮಾಡಿಕೊಂಡರು. ಯೇಸುಸ್ವಾಮಿಯ ಮಾತುಗಳಿಗೆ ಕೆಂಪು ಶಾಯಿ. ಮರಿಯಮ್ಮನ ಮಾತುಗಳಿಗೆ ನೀಲಿ ಶಾಯಿ. ಹತ್ತಿರ ಹತ್ತಿರ 300 ಹಾಳೆ ತುಂಬಿತು.

ಮಗಳಿಗೆ ಒಂದು ನೋಟ್‌ಬುಕ್, ಎರಡು ಪೆನ್ನು ಕೊಡಿ. ಬೈಬಲಿನಲ್ಲಿ ಬರುವ ಕಾನಾ ಊರಿನ ಮದುವೆಯಿಂದ ಶುರು ಮಾಡಲಿ. ಅಲ್ಲಿ ನೀಲಿಯಲ್ಲಿ ಬರೆಯುವುದು ಎರಡೇ ಮಾತು. ದ್ರಾಕ್ಷಾರಸ ಮುಗಿದಿದೆ ಅನ್ನುವುದೊಂದು, ಅವನು ಹೇಳಿದ ಹಾಗೆ ಮಾಡಿ ಅನ್ನುವುದೊಂದು. ಅಜ್ಜಿ ಓದಿ ಹೇಳಲಿ, ಮೊಮ್ಮಗಳು ಬರೆಯಲಿ.