ಯುಬಿಕ್ವಿಟಿನ್ ಅಂಟುವ ಜಾಗ ಯಾವುದು?

ಪ್ರಶ್ನೆ: ಮೇಡಂ, ನಮಸ್ಕಾರ. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಅಂಟಿದ ಪ್ರೋಟೀನನ್ನು ಕೋಶ ಒಡೆದುಹಾಕುತ್ತದೆ ಎಂದು ಪಾಠದಲ್ಲಿದೆ. ಅದು ಪ್ರೋಟೀನಿನ ಯಾವ ಜಾಗಕ್ಕೆ ಅಂಟುತ್ತದೆ? ಅಷ್ಟು ಸಣ್ಣ ಜಾಗವನ್ನು ಹೇಗೆ ಪತ್ತೆ ಮಾಡುತ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ಸಾಮಾನ್ಯವಾಗಿ ಅದು ಅಂಟುವುದು ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ. ನಮ್ಮ ಜೋಳದ ರೊಟ್ಟಿಯಲ್ಲಿ ಕಡಿಮೆ ಇರುವ, ತೊಗರಿಬೇಳೆಯಲ್ಲಿ ಚೆನ್ನಾಗಿ ಸಿಗುವ ಲೈಸಿನ್ನೇ ಅದು. ನಮ್ಮ ದೇಹಕ್ಕೆ ಅದನ್ನು ಮಾಡಿಕೊಳ್ಳಲು ಬರುವುದಿಲ್ಲ, ಊಟದಿಂದಲೇ ಸಿಗಬೇಕು.

ಒಂದು ಪ್ರೋಟೀನಿನಲ್ಲಿ ಲೈಸಿನ್ ಹತ್ತಾರು ಇರುತ್ತವೆ. ಅಂಟುವುದು ಕೆಲವಕ್ಕೆ ಮಾತ್ರ. ಯಾವುದಕ್ಕೆ ಎಂಬುದನ್ನು ಪತ್ತೆ ಮಾಡುವ ದಾರಿ ನನಗೆ ತುಂಬ ಇಷ್ಟ. ಇಲ್ಲಿ ಕಲಬುರಗಿಯಲ್ಲಿ ಈ ಪಾಠ ಮಾಡುವಾಗಲೆಲ್ಲ ಯುಬಿಕ್ವಿಟಿನ್‌ನ ತುದಿಯನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಅರ್ಜಿನೈನ್, ಗ್ಲೈಸಿನ್, ಗ್ಲೈಸಿನ್. ಒಟ್ಟು 76 ಅಮೈನೋ ಆಮ್ಲಗಳಲ್ಲಿ ಕೊನೆಯ ಮೂರು ಇವು. ಕೊನೆಯ ಗ್ಲೈಸಿನ್ನೇ ಲೈಸಿನ್‌ಗೆ ಕೂಡಿಕೊಳ್ಳುವುದು.

ಈಗ ಟ್ರಿಪ್ಸಿನ್ ಹಾಕಬೇಕು. ಅದು ಅರ್ಜಿನೈನ್ ಮತ್ತು ಲೈಸಿನ್ ಆದಮೇಲೆ ಕತ್ತರಿಸುವ ಕಿಣ್ವ. ಯುಬಿಕ್ವಿಟಿನ್ ಅರ್ಜಿನೈನ್ ಹತ್ತಿರ ತುಂಡಾಗಿ ಹೋಗುತ್ತದೆ. ಎರಡು ಗ್ಲೈಸಿನ್ ಮಾತ್ರ ಲೈಸಿನ್ ಮೇಲೆ ಉಳಿಯುತ್ತವೆ. ಆ ಲೈಸಿನ್ ಇರುವ ತುಂಡಿನ ತೂಕ 114 ಡಾಲ್ಟನ್ (ಅಣುಗಳ ತೂಕದ ಅಳತೆ) ಜಾಸ್ತಿ ಆಗುತ್ತದೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ತೂಗಿದಾಗ ಈ ಜಾಸ್ತಿ ತೂಕ ಯಾವ ಲೈಸಿನ್ ಮೇಲಿದೆ ಎಂಬುದೂ ಕಾಣುತ್ತದೆ. 2003ರಲ್ಲಿ ಹಾರ್ವರ್ಡ್‌ನ ತಂಡವೊಂದು ಬೇಕರಿ ಯೀಸ್ಟ್‌ನಲ್ಲೇ ಹೀಗೆ ಹುಡುಕಿ, 72 ಪ್ರೋಟೀನುಗಳಲ್ಲಿ 110 ಜಾಗ ಗುರುತಿಸಿತು. ಎಷ್ಟು ಚೆಂದದ ಕೆಲಸ ಅಲ್ವಾ!

ಇಲ್ಲಿ ಒಂದು ಎಚ್ಚರ ಬೇಕು. ಯೀಸ್ಟ್‌ನ ರಬ್1 ಎಂಬ ಇನ್ನೊಂದು ಪುಟ್ಟ ಪ್ರೋಟೀನ್ ಸಹ ಇದೇ ಎರಡು ಗ್ಲೈಸಿನ್ ಬಿಟ್ಟುಹೋಗುತ್ತದೆ, ಹಾಗಾಗಿ ಅವು ಕಂಡ ಕೂಡಲೇ ಯುಬಿಕ್ವಿಟಿನ್ ಎನ್ನುವಂತಿಲ್ಲ. ಸುಮೋ ಎಂಬುದೂ ಹೀಗೆ ಅಂಟುವ ಪುಟ್ಟ ಪ್ರೋಟೀನ್; ಆ ಜಾತಿಯ ಎಸ್‌ಎಂಟಿ3 (Smt3) ಬಿಡುವ ತುಣುಕು ಬೇರೆ, ಸ್ವಲ್ಪ ಉದ್ದ.

ಇನ್ನು ನಿನ್ನ ಪಾಠದ ಮಾತು. ಅಂಟಿದ ಕೂಡಲೇ ಒಡೆಯುತ್ತದೆ ಎಂಬುದು ಅರ್ಧ ನಿಜ. ಡಿಎನ್‌ಎ ನಕಲು ಆಗುವಾಗ ಅದರ ಸುತ್ತ ಉಂಗುರದಂತೆ ಕೂರುವ ಪಿಸಿಎನ್‌ಎ ಎಂಬ ಪ್ರೋಟೀನನ್ನು ನೋಡು. ಅದರ 164ನೇ ಲೈಸಿನ್‌ಗೆ ಒಂದೇ ಯುಬಿಕ್ವಿಟಿನ್ ಅಂಟಿದರೆ, ಹಾಳಾದ ಡಿಎನ್‌ಎ ಮೇಲೂ ನಕಲು ಮುಂದುವರಿಸಬಲ್ಲ ಕಿಣ್ವ ಬರುತ್ತದೆ. ಅಲ್ಲೇ ಯುಬಿಕ್ವಿಟಿನ್‌ಗಳ ಸರಪಳಿ ಬೆಳೆದರೆ ತಪ್ಪಿಲ್ಲದ ರಿಪೇರಿಯ ದಾರಿ. ಅದೇ ಜಾಗಕ್ಕೆ ಸುಮೋ ಅಂಟಿದರೆ ಕೆಲಸವೇ ಬೇರೆ. ಮೂರರಲ್ಲೂ ಪಿಸಿಎನ್‌ಎ ಒಡೆಯುವ ಮಾತೇ ಇಲ್ಲ.

ಸರಪಳಿ ಹೇಗೆ ಎಂದರೆ, ಯುಬಿಕ್ವಿಟಿನ್‌ನಲ್ಲೂ 7 ಲೈಸಿನ್ ಇವೆ. ಒಂದರ ಲೈಸಿನ್‌ಗೆ ಇನ್ನೊಂದು ಕೂಡುತ್ತಾ ಹೋಗುತ್ತದೆ. 48ನೆಯದರ ಮೂಲಕ ಬೆಳೆದರೆ ಪ್ರೋಟೀನ್ ಹೆಚ್ಚಾಗಿ ಪ್ರೋಟಿಯಾಸೋಮ್‌ಗೆ, ಅಂದರೆ ಪ್ರೋಟೀನ್ ಒಡೆಯುವ ಕೋಶದ ಯಂತ್ರಕ್ಕೆ, ಹೋಗಿ ಚೂರಾಗುತ್ತದೆ. ನಿನ್ನ ಪಾಠ ಹೇಳುವುದು ಇದನ್ನೇ.

ಜಾಗ ಸಿಕ್ಕಮೇಲೆ ಅದು ನಿಜಕ್ಕೂ ಮುಖ್ಯವೇ ಎಂದು ಪರೀಕ್ಷಿಸಬೇಕು. ಅದಕ್ಕೆ ಲೈಸಿನ್ ತೆಗೆದು ಅರ್ಜಿನೈನ್ ಇಡುತ್ತಾರೆ. ವಿದ್ಯುದಂಶ ಅದೇ ಇರುತ್ತದೆ, ಆದರೆ ಯುಬಿಕ್ವಿಟಿನ್ ಅಂಟಲಾರದು. ಯುಬಿಕ್ವಿಟಿನ್‌ನ 48ನೇ ಲೈಸಿನ್ ಹೀಗೆ ಬದಲಿಸಿದರೆ ಯೀಸ್ಟ್ ಬದುಕುವುದಿಲ್ಲ. 63ನೆಯದನ್ನು ಬದಲಿಸಿದರೆ ಬದುಕುತ್ತದೆ, ಆದರೆ ಅತಿನೇರಳೆ ಬೆಳಕು ಬಿದ್ದರೆ ಬೇಗ ಸಾಯುತ್ತದೆ.