ಯೆರ್ರಾ, ನಮ್ಮದೇನಿದೆ ಬಿಡಿ

ಐರ್ಲೆಂಡಿನ ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕೆಲಸಕ್ಕೆಂದು ಅಲ್ಲಿಗೆ ಹೋದವರು. ಪತ್ರ ಉದ್ದವಿದೆ, ಸಾರ ಇಷ್ಟು:

"2024ರ ಜೂನ್. ನಾನು ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಕೌಂಟಿ ತಂಡಗಳು ಆಡುವ ಗೇಲಿಕ್ ಫುಟ್‌ಬಾಲ್ ನಾಕೌಟ್‌ನಲ್ಲಿ ಮೇಯೋಗೆ ಡೆರ್ರಿ ಎದುರಾಳಿ. ಪಂದ್ಯ ನಮ್ಮೂರಲ್ಲೇ. ಆದರೂ ಆಫೀಸಿನಲ್ಲಿ ಎಲ್ಲರೂ 'ಸೋಲ್ತೀವಿ ಬಿಡು' ಅನ್ನುತ್ತಿದ್ದರು. ಸ್ವಲ್ಪ ಹುರುಪು ತುಂಬೋಣ ಅಂತ ನಾನು 'ಈ ಸಲ ಕಪ್ ನಮ್ದೇ' ಅಂದೆ, ಅರ್ಥವನ್ನೂ ಬಿಡಿಸಿ ಹೇಳಿದೆ. ಎಲ್ಲರೂ ಗಪ್‌ಚಿಪ್. ಶನಿವಾರ ಮೇಯೋ ಪೆನಾಲ್ಟಿಯಲ್ಲಿ ಸೋತಿತು. ಸೋಮವಾರ ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಇಲ್ಲೇ ಕೆರ್ರಿ ಕೌಂಟಿಯವರು ಒಬ್ಬರಿದ್ದಾರೆ. ಅವರೂ ಪ್ರತಿ ವರ್ಷ 'ನಮ್ಮ ಕೈಲಾಗಲ್ಲ' ಅನ್ನುತ್ತಾರೆ. ಆಮೇಲೆ ನೋಡಿದರೆ ಗೆದ್ದಿರುತ್ತಾರೆ. ಇವರಲ್ಲಿ ಯಾರ ಮಾತು ನಂಬಬೇಕು? ಮತ್ತೆ ನಾಕೌಟ್ ಬರುತ್ತಿದೆ. ನಾನು ಏನು ಹೇಳಬೇಕು? ಗೆಲ್ಲೋದು ಯಾರು?"

ನಿಮ್ಮ ಪತ್ರ ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಕ್ಷಮಿಸಿ. ನೀವು ತಪ್ಪು ಮಾಡಿಲ್ಲ, ತಪ್ಪು ಊರಿನಲ್ಲಿ ಸರಿಯಾದ ಮಾತು ಆಡಿದ್ದೀರಿ. ಐರ್ಲೆಂಡಿನ 32 ಕೌಂಟಿಗಳಲ್ಲಿ 'ಕಪ್ ನಮ್ದೇ' ಅಂತ ಗಟ್ಟಿಯಾಗಿ ಹೇಳಬಾರದ ಜಾಗ ಒಂದಿದ್ದರೆ ಅದು ಮೇಯೋ.

ಯಾಕೆ ಅಂತ ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಅಖಿಲ ಐರ್ಲೆಂಡ್ ಚಾಂಪಿಯನ್ನರಿಗೆ ಸಿಗುವ ಸ್ಯಾಮ್ ಮ್ಯಾಗೈರ್ ಕಪ್ಪನ್ನು ಮೇಯೋ ಕೊನೆಯ ಸಲ ಎತ್ತಿದ್ದು 1951ರಲ್ಲಿ. ಆಮೇಲೆ 1989ರಿಂದ 2021ರ ನಡುವೆ ಹನ್ನೊಂದು ಸಲ ಫೈನಲ್ ತಲುಪಿ, ಹನ್ನೊಂದೂ ಸಲ ಸೋತಿದೆ. ಎಲ್ಲವನ್ನೂ ಹೀನಾಯವಾಗಿ ಸೋತಿದ್ದರೆ ಒಂದು ಸಮಾಧಾನ ಇರುತ್ತಿತ್ತು. 2013ರಲ್ಲಿ ಡಬ್ಲಿನ್ ಎದುರು ಒಂದು ಅಂಕದಿಂದ. 2016ರಲ್ಲಿ ಫೈನಲ್ ಸಮವಾಯಿತು. ಆ ಪಂದ್ಯದಲ್ಲಿ ಮೇಯೋದವರು ತಮ್ಮ ಗೋಲಿಗೆ ತಾವೇ ಎರಡು ಸಲ ಚೆಂಡು ಸೇರಿಸಿದ್ದರು! ಮರುಪಂದ್ಯದಲ್ಲಿ ಮತ್ತೆ ಡಬ್ಲಿನ್, ಮತ್ತೆ ಒಂದು ಅಂಕ. 2017ರಲ್ಲಿ ಇನ್ನೊಮ್ಮೆ ಡಬ್ಲಿನ್, ಇನ್ನೊಮ್ಮೆ ಒಂದು ಅಂಕ. ಇಂಥ ಮನೆಗೆ ಹೋಗಿ ನೀವು ಘೋಷಣೆ ಕೂಗಿದ್ದೀರಿ.

ಶಾಪದ ಕಥೆಯನ್ನು ನೀವು ಕೇಳಿರಬಹುದು. 1951ರಲ್ಲಿ ಗೆದ್ದ ತಂಡ ಮೆರವಣಿಗೆಯಲ್ಲಿ ಫಾಕ್ಸ್‌ಫರ್ಡ್ ಊರು ದಾಟುವಾಗ ಅಲ್ಲೊಂದು ಶವಸಂಸ್ಕಾರ ನಡೆಯುತ್ತಿತ್ತಂತೆ. ಆಟಗಾರರು ಲಾರಿ ನಿಲ್ಲಿಸಿ ಗೌರವ ಕೊಡಲಿಲ್ಲವಂತೆ. ಸಿಟ್ಟಾದ ಪಾದ್ರಿ, ಈ ತಂಡದವರೆಲ್ಲ ತೀರಿಕೊಳ್ಳುವ ತನಕ ಮೇಯೋಗೆ ಕಪ್ ಇಲ್ಲ ಅಂದುಬಿಟ್ಟರಂತೆ. ಎಲ್ಲಾ 'ಅಂತೆ'ಗಳೇ. ಹೇಳುವವರೂ ಪೂರ್ತಿ ನಂಬಲ್ಲ, ಆದರೆ ಹೇಳದೆ ಬಿಡಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮೇಯೋ ಟೈರೋನ್ ಎದುರು ಫೈನಲ್ ಸೋತಿತು. ಅದೇ ತಿಂಗಳು, 1951ರ ತಂಡದಲ್ಲಿ ಉಳಿದಿದ್ದ ಕೊನೆಯ ಆಟಗಾರ ಪ್ಯಾಡಿ ಪ್ರೆಂಡರ್‌ಗಾಸ್ಟ್ ತೀರಿಕೊಂಡರು. ಅಲ್ಲಿಗೆ ಶಾಪದ ಲೆಕ್ಕ ಚುಕ್ತಾ. ಮುಂದಿನ ನಾಲ್ಕು ವರ್ಷವೂ ಕಪ್ ಬರಲಿಲ್ಲ. ಈಗ ನೆವ ಹೇಳಲು ಶಾಪವೂ ಇಲ್ಲ, ಅದು ಇನ್ನೂ ಕಷ್ಟ.

ಹಾಗಾಗಿ ಮೇಯೋದವರು 'ಸೋಲ್ತೀವಿ' ಅಂದರೆ ಅದು ಮೈಗೆ ಹಚ್ಚಿಕೊಳ್ಳುವ ಮುಲಾಮು. ಬೀಳುವ ಮುಂಚೆಯೇ ಹಚ್ಚಿಕೊಂಡರೆ ನೋವು ಕಮ್ಮಿ ಅನ್ನೋ ಆಸೆ. ಆದರೆ ಅದೇ ಬಾಯಲ್ಲಿ ಅವರು ಟಿಕೆಟ್ ಎಲ್ಲಿ ಸಿಗುತ್ತೆ ಅಂತಲೂ ವಿಚಾರಿಸುತ್ತಿರುತ್ತಾರೆ, ಗಮನಿಸಿದ್ದೀರಾ? ರಸ್ತೆ ಬದಿಯಲ್ಲಿ 'ಮೇಯೋ ಫಾರ್ ಸ್ಯಾಮ್' ಅಂತ ಬೋರ್ಡು ನೆಟ್ಟವರೂ ಅವರೇ. ಬಾಯಿ ಸೋಲು ಅನ್ನುತ್ತೆ, ಬೇಲಿ ಗೆಲುವು ಅನ್ನುತ್ತೆ.

ಕೆರ್ರಿಯವರ ಕಥೆಯೇ ಬೇರೆ. ಅವರ 'ಸೋಲ್ತೀವಿ'ಯನ್ನು ಇದರ ಜೊತೆ ಕಲಸಬೇಡಿ. 2025ರದ್ದೂ ಸೇರಿ ಅವರ ಬಳಿ 39 ಪ್ರಶಸ್ತಿಗಳಿವೆ. ಎರಡನೇ ಸ್ಥಾನದ ಡಬ್ಲಿನ್ 31ರಲ್ಲಿದೆ, ಉಳಿದವರು ಎಲ್ಲೋ ದೂರದಲ್ಲಿ. ಅಷ್ಟಿದ್ದೂ ಕೆರ್ರಿಯವರನ್ನು ಪಂದ್ಯದ ಬಗ್ಗೆ ಕೇಳಿ ನೋಡಿ. ಮೊದಲು ಒಂದು 'ಯೆರ್ರಾ' ಬರುತ್ತೆ. ನಮ್ಮ 'ಅಯ್ಯೋ ಬಿಡಿ ಮಾರಾಯ್ರೆ' ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಯೆರ್ರಾ, ಹುಡುಗರು ಚಿಕ್ಕವರು. ಯೆರ್ರಾ, ಎದುರಿನವರು ಭಾರಿ ತಂಡ. ಯೆರ್ರಾ, ಹತ್ತು ಅಂಕದಲ್ಲಿ ಸೋಲದಿದ್ದರೆ ಸಾಕು.

ಇದು ವಿನಯ ಅಂದುಕೊಂಡರೆ ನೀವು ಮೋಸಹೋದಿರಿ. ಇದು ದೃಷ್ಟಿಬೊಟ್ಟು. ಮಗು ಚೆನ್ನಾಗಿದೆ ಅಂತ ಗೊತ್ತಿದ್ದೇ ಕೆನ್ನೆಗೆ ಕಪ್ಪು ಇಡುತ್ತೇವೆ, ಅಲ್ವಾ? ಅದರ ಜೊತೆ ಸ್ವಲ್ಪ ಕಿತಾಪತಿಯೂ ಇದೆ. 'ಗೆಲ್ಲೋರು ನೀವೇ' ಅಂತ ಎದುರಿನವರ ತಲೆ ಮೇಲೆ ಮೂಟೆ ಹೊರಿಸುವುದು. ಎಲ್ಲರೂ ಗೆಲ್ಲುತ್ತಾರೆ ಅಂದವರು ಸೋತರೆ ಅವಮಾನ, ಗೆದ್ದರೆ 'ಅದರಲ್ಲೇನಿದೆ'. ಆ ಮೂಟೆ ಯಾರಿಗೂ ಬೇಡ. ನನ್ನ ಪ್ರಕಾರ ನಾಕೌಟ್‌ಗೆ ಮುಂಚಿನ ವಾರದಲ್ಲಿ ಐರ್ಲೆಂಡಿನ ಅಂಗಡಿ, ಪಬ್, ಚರ್ಚಿನ ಬಾಗಿಲಲ್ಲಿ ನಡೆಯುವ ಮಾತಿಗೆ ಭವಿಷ್ಯ ಅನ್ನೋ ಹೆಸರೇ ತಪ್ಪು. ಅದು ಮೂಟೆ ದಾಟಿಸುವ ಆಟ. ಅದೂ ಪಂದ್ಯದ ಒಂದು ಭಾಗ.

ಈ ಎಚ್ಚರ ಕೆರ್ರಿಗೆ ಸುಮ್ನೆ ಬಂದಿಲ್ಲ. 1978ರಿಂದ 1981ರ ತನಕ ಸತತ ನಾಲ್ಕು ಸಲ ಗೆದ್ದಿದ್ದರು. 1982ರಲ್ಲಿ ಐದನೆಯದು ಖಾತ್ರಿ ಅಂದುಕೊಂಡರು. ಐದರ ಟೀ ಶರ್ಟ್ ಅಚ್ಚಾಯಿತು, ಹಾಡೂ ಸಿದ್ಧವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ಫೈನಲ್ ಮುಗಿಯಲು ಇನ್ನೇನು ಒಂದೆರಡು ನಿಮಿಷ, ಕೆರ್ರಿ ಎರಡು ಅಂಕ ಮುಂದೆ. ಆಫಲಿ ಕೌಂಟಿಯ ಬದಲಿ ಆಟಗಾರ ಶೇಮಸ್ ಡಾರ್ಬಿ ಚೆಂಡು ಹಿಡಿದು ತಿರುಗಿ ಗೋಲಿನೊಳಕ್ಕೆ ಬಾರಿಸಿದರು. ಆಫಲಿ 1-15, ಕೆರ್ರಿ 0-17. ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು: ಬಲೆಗೆ ಬಿದ್ದ ಗೋಲಿಗೆ ಮೂರು ಅಂಕ, ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ. ಅಂದರೆ 18ಕ್ಕೆ 17. ಡಾರ್ಬಿ ಕೆರ್ರಿ ರಕ್ಷಕನ ಬೆನ್ನಿಗೆ ಕೈಯಿಟ್ಟು ತಳ್ಳಿದರು ಅಂತ ಕೆರ್ರಿಯಲ್ಲಿ ಇವತ್ತಿಗೂ ವಾದವಿದೆ. ಮಾರಾಟವಾಗದ ಆ ಟೀ ಶರ್ಟುಗಳ ಬಗ್ಗೆ ಉಳಿದ ಕೌಂಟಿಗಳಲ್ಲಿ ಇವತ್ತಿಗೂ ನಗುವಿದೆ. ಕೊನೆಗೆ ಸತತ ಐದು ಗೆದ್ದದ್ದು ಡಬ್ಲಿನ್, 2019ರಲ್ಲಿ. ಮರುವರ್ಷ ಆರನ್ನೂ ಮಾಡಿದರು. ಫೈನಲ್‌ನಲ್ಲಿ ಐದನೆಯದು ಯಾರ ಎದುರು ಗೊತ್ತಾ? ಕೆರ್ರಿ!

ಡಬ್ಲಿನ್‌ನವರು ಮೂಟೆ ಹೊರಲು ಹೆದರುವವರಲ್ಲ. ರಾಜಧಾನಿಯ ಜನ, ಜೋರು ದನಿ. ಫೈನಲ್ ನಡೆಯುವ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ, ನಿಂತು ನೋಡುವ ಹಿಲ್ 16 ಕಟ್ಟೆ ತುಂಬಾ ಅವರ ನೀಲಿ. 2011ರಲ್ಲಿ ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್ಟನ್ ಕೊನೆ ಗಳಿಗೆಯಲ್ಲಿ ಫ್ರೀ ಕಿಕ್ ಹೊಡೆದು ಕೆರ್ರಿಯನ್ನು ಒಂದು ಅಂಕದಿಂದ ಸೋಲಿಸಿದರಲ್ಲ, ಅದಕ್ಕೆ ಮುಂಚೆ ಅವರೂ ಹದಿನಾರು ವರ್ಷ ಕಾದಿದ್ದರು. ನಿಮ್ಮಲ್ಲಿ ಡಬ್ಲಿನ್‌ನವರು ಯಾರಾದರೂ ಜಾಸ್ತಿ ಹಾರಾಡಿದರೆ, 2011ಕ್ಕೆ ಮುಂಚೆ ಪಂದ್ಯಕ್ಕೆ ಹೋಗುತ್ತಿದ್ದಿರಾ ಅಂತ ಮೆಲ್ಲಗೆ ಕೇಳಿ. ಗೆದ್ದೆತ್ತಿನ ಬಾಲ ಹಿಡಿದವರಾದರೆ ಅಲ್ಲೇ ತಣ್ಣಗಾಗುತ್ತಾರೆ.

ಇನ್ನು ಯಾರ ಮಾತು ನಂಬಬೇಕು ಅಂತ ಕೇಳಿದ್ದೀರಿ. ಅರ್ಮಾಗ್ ಕೌಂಟಿಯ ಕಥೆ ಕೇಳಿ. 2022ರ ಕ್ವಾರ್ಟರ್ ಫೈನಲ್‌ನಲ್ಲಿ ಗಾಲ್‌ವೇ ಎದುರು ಪೆನಾಲ್ಟಿಯಲ್ಲಿ ಸೋತರು. 2023ರ ಅಲ್ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಡೆರ್ರಿ ಎದುರು ಪೆನಾಲ್ಟಿ. ಅದೇ ವರ್ಷ ಮೊನಾಹನ್ ಎದುರು ಕ್ವಾರ್ಟರ್ ಫೈನಲ್, ಪೆನಾಲ್ಟಿ. 2024ರ ಅಲ್ಸ್ಟರ್ ಫೈನಲ್‌ನಲ್ಲಿ ಡೊನೆಗಾಲ್ ಎದುರು, ಇನ್ನೇನು, ಪೆನಾಲ್ಟಿಯೇ. ಅರ್ಮಾಗ್‌ನವರನ್ನು ಕಂಡರೆ ಕಾಲೆಳೆಯಲು ಬೇರೆ ವಿಷಯವೇ ಬೇಕಿರಲಿಲ್ಲ. ಕೀರನ್ ಮೆಗೀನಿ ಹತ್ತು ವರ್ಷದಿಂದ ಮ್ಯಾನೇಜರ್, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅನ್ನೋ ಮಾತೂ ಇತ್ತು. ಆ ಬೇಸಿಗೆ ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಸಮಯಕ್ಕೆ ಹೋಗಿ ಕೆರ್ರಿಯನ್ನು ಸೋಲಿಸಿದರು. ಫೈನಲ್‌ನಲ್ಲಿ ಗಾಲ್‌ವೇಯನ್ನು 1-11, 0-13ರಿಂದ. ಒಂದೇ ಅಂಕ. ಪೆನಾಲ್ಟಿ ತನಕ ಬಿಡಲೇ ಇಲ್ಲ.

2025ರಲ್ಲಿ ಕೆರ್ರಿಯೇ ಪಾಠ ಹೇಳಿತು. ಗುಂಪು ಹಂತದಲ್ಲಿ ಮೀತ್ ಎದುರು ಒಂಬತ್ತು ಅಂಕದಲ್ಲಿ ಸೋತರು. ಕೆರ್ರಿ ಕಥೆ ಮುಗಿಯಿತು ಅಂದವರು ಒಬ್ಬಿಬ್ಬರಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಎದುರಿಗೆ ಹಾಲಿ ಚಾಂಪಿಯನ್ ಅರ್ಮಾಗ್. ಎರಡನೇ ಅರ್ಧದಲ್ಲಿ ಕೆರ್ರಿ ಒಂದರ ಹಿಂದೊಂದು ಹದಿನಾಲ್ಕು ಅಂಕ ಹೊಡೆಯಿತು, ಆ ಹೊತ್ತಿನಲ್ಲಿ ಅರ್ಮಾಗ್‌ಗೆ ಒಂದೂ ಇಲ್ಲ. ಜುಲೈ ಕೊನೆಯಲ್ಲಿ ಡೊನೆಗಾಲನ್ನು 1-26, 0-19ರಿಂದ ಸೋಲಿಸಿ ಕಪ್ ಮನೆಗೆ ಒಯ್ದರು. ಯೆರ್ರಾ, ಹುಡುಗರು ಹೇಗೋ ಮಾಡಿದರು.

ಭವಿಷ್ಯ ಹೇಳುವವರಿಗೆ ಆ ವರ್ಷ ಇನ್ನೊಂದು ತಲೆನೋವು ಬಂತು. ಜಿಮ್ ಗ್ಯಾವಿನ್ ನೇತೃತ್ವದ ಸಮಿತಿಯ ಸಲಹೆಯಂತೆ ಆಟದ ನಿಯಮಗಳೇ ಬದಲಾದವು. 40 ಮೀಟರ್ ಗೆರೆಯ ಹೊರಗಿಂದ ಹೊಡೆದರೆ ಒಂದರ ಬದಲು ಎರಡು ಅಂಕ. ಪ್ರತಿ ತಂಡದ ಮೂವರು ಎದುರಿನವರ ಅರ್ಧದಲ್ಲೇ ಇರಬೇಕು, ಎಲ್ಲರೂ ಹಿಂದೆ ಹೋಗಿ ಗೋಡೆ ಕಟ್ಟುವಂತಿಲ್ಲ. ಗಾಳಿ ಬೆನ್ನಿಗಿದ್ದರೆ ಆರು ಅಂಕದ ಅಂತರ ನೋಡನೋಡುತ್ತಲೇ ಕರಗುತ್ತದೆ. ಹಾಗಾಗಿ ಅಂಕಿಸಂಖ್ಯೆ ಹಿಡಿದು ಖಡಾಖಂಡಿತವಾಗಿ ಹೇಳುವವರಿಗಿಂತ, ಟಾಸ್ ಗೆದ್ದವರು ಯಾವ ಕಡೆ ಆಡುತ್ತಾರೆ ಅಂತ ಕೇಳುವ ಅಜ್ಜನ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ದೊಡ್ಡವರೂ ಎಡವಿದ್ದಾರೆ. ಡೆರ್ರಿ ಪರ 1993ರಲ್ಲಿ ಕಪ್ ಗೆದ್ದಿದ್ದ ಜೋ ಬ್ರೋಲಿ 2014ರಲ್ಲಿ ಟಿವಿ ವಿಶ್ಲೇಷಕರು. ಕೆರ್ರಿಯಲ್ಲಿ ಒಳ್ಳೆ ಆಟಗಾರರು ಹುಟ್ಟೋದು ನಿಂತಿದೆ ಅನ್ನೋ ಅರ್ಥದ ಮಾತಾಡಿದ್ದರು. ಆ ಸೆಪ್ಟೆಂಬರ್ ಕೆರ್ರಿ ಫೈನಲ್ ಗೆದ್ದಿತು. ಆಗಷ್ಟೇ ಪಂದ್ಯ ಮುಗಿಸಿದ್ದ ಕೆರ್ರಿಯ ಕೀರನ್ ಡೊನಾಹಿ ಟಿವಿ ಮೈಕ್ ಮುಂದೆ ನಿಂತು, ಏನಂತೀರಿ ಜೋ ಬ್ರೋಲಿ ಅಂತ ಕೇಳಿಬಿಟ್ಟರು. ಇಡೀ ದೇಶ ನಕ್ಕಿತು.

ಈ ಕಾಲೆಳೆಯುವಿಕೆಗೆ ಒಂದು ಗಡಿಯೂ ಇದೆ. ಅದನ್ನು ನಿಮಗೆ ಹೇಳಲೇಬೇಕು. ಗೇಲಿಕ್ ಆಟಗಾರರಿಗೆ ಸಂಬಳವಿಲ್ಲ. ಕ್ರೋಕ್ ಪಾರ್ಕಿನಲ್ಲಿ 82,000 ಜನರ ಮುಂದೆ ಆಡಿದ ಹುಡುಗ ರಜೆ ಮುಗಿದ ಮೇಲೆ ಶಾಲೆಯಲ್ಲಿ ಪಾಠ ಮಾಡುತ್ತಾನೆ. ಹುಟ್ಟಿ ಬೆಳೆದ ಕೌಂಟಿಗೇ ಆಡುತ್ತಾನೆ, ದುಡ್ಡು ಜಾಸ್ತಿ ಸಿಗುತ್ತೆ ಅಂತ ಬೇರೆ ಕೌಂಟಿಗೆ ಹಾರುವುದಿಲ್ಲ. ಅವನ ಅಮ್ಮ ಅಂಗಡಿಯಲ್ಲಿ ನಿಮ್ಮ ಹಿಂದೆಯೇ ಸಾಲಿನಲ್ಲಿ ನಿಂತಿರಬಹುದು. ಅದಕ್ಕೇ ಅಲ್ಲಿ ಕೌಂಟಿಯನ್ನು ಎಷ್ಟಾದರೂ ಆಡಿಕೊಳ್ಳುತ್ತಾರೆ, ಮ್ಯಾನೇಜರನ್ನೂ ಬಿಡಲ್ಲ, ರೆಫ್ರಿಯನ್ನಂತೂ ಕೇಳಲೇಬೇಡಿ. ಆದರೆ ಪೆನಾಲ್ಟಿ ತಪ್ಪಿಸಿದ ಹುಡುಗನ ಹೆಸರು ಬಂದಾಗ ದನಿ ಇಳಿಯುತ್ತದೆ. ಮೊಬೈಲಿನಲ್ಲಿ ಈ ಗಡಿ ದಾಟುವವರು ಈಗ ಹೆಚ್ಚಾಗಿದ್ದಾರೆ, ಅದು ಬೇಸರದ ವಿಷಯ. ಎದುರು ಬದುರು ಕೂತಾಗ ಮಾತ್ರ ಇನ್ನೂ ದಾಟಲ್ಲ. ಕ್ರೀಡಾಂಗಣದಲ್ಲಿ ಎರಡೂ ಕೌಂಟಿಯವರು ಪಕ್ಕಪಕ್ಕದಲ್ಲೇ ಕೂರುತ್ತಾರೆ, ನಡುವೆ ಬೇಲಿಯಿಲ್ಲ.

ನಿಮ್ಮ 'ಈ ಸಲ ಕಪ್ ನಮ್ದೇ'ಗೆ ಬರೋಣ. ಆರ್‌ಸಿಬಿ ಕಪ್ಪಿಗಾಗಿ ನಾವು ಹದಿನೆಂಟು ಐಪಿಎಲ್‌ಗಳ ಕಾಲ ಕಾದೆವು, ವರ್ಷಗಟ್ಟಲೆ ಅದನ್ನೇ ಕೂಗಿದೆವು. ನಿಜ ಹೇಳಿ, ಪೂರ್ತಿ ನಂಬಿ ಕೂಗಿದ್ದಾ? ಅರ್ಧ ಆಸೆ, ಅರ್ಧ ನಮ್ಮನ್ನು ನಾವೇ ಗೇಲಿ ಮಾಡಿಕೊಂಡದ್ದು. ಮೇಯೋದವರು ಕೆಳದನಿಯಲ್ಲಿ ಮಾಡುವುದನ್ನೇ ನಾವು ಮೇಲುದನಿಯಲ್ಲಿ ಮಾಡಿದೆವು. ನಿಮ್ಮ ಸಹೋದ್ಯೋಗಿಗಳಿಗೆ ಅರ್ಥ ಹೇಳಿದಿರಿ, ಸರಿ. 2008ರಿಂದ 2025ರ ತನಕದ ಕಥೆ ಹೇಳಿದಿರಾ? ಅದನ್ನು ಹೇಳಿದ್ದರೆ ಆ ಸೋಮವಾರ ನಿಮಗೆ ಯಾರಾದರೂ ಚಹಾ ಕೊಡಿಸುತ್ತಿದ್ದರು. 2024ರಲ್ಲಿ ಕಥೆಗೆ ಕೊನೆ ಇರಲಿಲ್ಲ, ಅದೂ ಹೌದು. ಈಗ ಇದೆ, ಹೇಳಿ.

ಮುಂದಿನ ಸಲ ಪಂದ್ಯದ ವಾರ ಯಾರಾದರೂ ನಿಮ್ಮನ್ನು ಕೇಳಿದರೆ ತಲೆ ಸ್ವಲ್ಪ ವಾರೆ ಮಾಡಿ, 'ಕಷ್ಟ ಇದೆ, ಒಂದು ಒದೆತದ ಅಂತರ ಇರಬಹುದು' ಅನ್ನಿ. ಗೆದ್ದರೂ ಸೋತರೂ ಅದು ತಪ್ಪಾಗಲ್ಲ. ಮೇಯೋದ ಹಸಿರು-ಕೆಂಪು ಟೋಪಿ ಮಾತ್ರ ಹಾಕಿಕೊಳ್ಳಿ. ಟೋಪಿಗೆ ಯಾರ ಆಕ್ಷೇಪವೂ ಇಲ್ಲ.

ಗೆಲ್ಲೋದು ಯಾರು ಅಂತ ಬೇರೆ ಕೇಳಿದ್ದೀರಿ. ನಾನು ಐರ್ಲೆಂಡ್ ನೋಡಿದವನಲ್ಲ. ಅಲ್ಲಿ ಮಧ್ಯಾಹ್ನ ಮೂರೂವರೆಗೆ ಶುರುವಾಗುವ ಪಂದ್ಯವನ್ನು ಇಲ್ಲಿ ರಾತ್ರಿ ಎಂಟಕ್ಕೆ, ಊಟದ ತಟ್ಟೆ ಮುಂದಿಟ್ಟುಕೊಂಡು ನೋಡುವವನು. ಆದರೂ ಕೇಳಿದ್ದೀರಲ್ಲ, ಹೇಳುತ್ತೇನೆ: ಕೆರ್ರಿ. ದಯವಿಟ್ಟು ಇದನ್ನು ನಿಮ್ಮ ಕೆರ್ರಿ ಸಹೋದ್ಯೋಗಿಗೆ ಹೋಗಿ ಹೇಳಿ. ಬೆಂಗಳೂರಿನ ಸಂಪಾದಕರೊಬ್ಬರು ಕೆರ್ರಿ ಗೆದ್ದೇ ಗೆಲ್ಲುತ್ತೆ ಅಂತ ಪತ್ರಿಕೆಯಲ್ಲೇ ಅಚ್ಚು ಹಾಕಿದ್ದಾರೆ, ಬೇಕಾದರೆ ಟೀ ಶರ್ಟೂ ಮಾಡಿಸುತ್ತಾರಂತೆ ಅನ್ನಿ. ಅವರ ಮುಖ ಹೇಗಾಯಿತು ಅಂತ ನಮಗೆ ಬರೆಯಿರಿ.

– ಸಂಪಾದಕ